ಮುಂದಿರುವ ವಾಹನ

ವಿಯಾಂಗ್‌ಸಾ
ಭಾನುವಾರ, 12 ನವೆಂಬರ್, ಬುದ್ಧಶಕೆ 2566

ವಿಲಾಯಕ್ಕಾ,

ಕಾರು ಬಂತು. ಬಿಳಿ ಬಣ್ಣದ್ದು. ಬಸ್ಸಿರುವಾಗ ಕಾರೇಕೆ ಎಂದು ನೀನು ಬರೆದಿದ್ದೆ. ಸೋಮವಾರ ಬೆಳಿಗ್ಗೆ ಫಾಳನ್ನು ಫ್ರೇ ಪಟ್ಟಣದ ಶಾಲೆಗೆ ಬಿಟ್ಟು ನಾನು ಅಲ್ಲೇ ಕೆಲಸಕ್ಕೆ ಹೋಗುವುದು, ಶುಕ್ರವಾರ ಸಂಜೆ ತಾಯಿ ಮಗಳು ಊರಿಗೆ ಮರಳುವುದು, ಇಷ್ಟಕ್ಕೆ ಬಸ್ಸು ಸಾಕಿತ್ತು, ನಿಜ. ಆದರೆ ಕಳೆದ ಮಳೆಗಾಲದಲ್ಲಿ ಆ ದಾರಿಯ ಘಟ್ಟದ ತಿರುವಿನಲ್ಲಿ, ಮಳೆಯ ಮಧ್ಯೆ ನಿಂತಿದ್ದ ಲಾರಿ ನನ್ನ ಕಸೇಮ್‌ಗೆ ಕಾಣಲಿಲ್ಲ. ಅವನು ಮನೆಗೆ ಮರಳಲಿಲ್ಲ. ಕಣ್ಣಿರುವ ಕಾರೊಂದು ಬೇಕು ಅನ್ನಿಸಿತು ನನಗೆ. ಯೋಚಿಸಿ ನೋಡಿದರೆ ಬೇರೆ ಕಾರಣವಿಲ್ಲ.

ಅದರ ಕಣ್ಣಿಗೆ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಎಂದು ಹೆಸರು. ಇಷ್ಟು ವೇಗ ಎಂದು ಗೊತ್ತುಮಾಡಿದರೆ ಕಾರು ತಾನೇ ಆ ವೇಗದಲ್ಲಿ ಸಾಗುತ್ತದೆ. ಮುಂದೆ ಇನ್ನೊಂದು ವಾಹನ ಸಿಕ್ಕರೆ, ಮೂಗಿನ ಮೇಲಿರುವ ಲಾಂಛನದ ಹಿಂದೆ ಕೂತ ರಾಡಾರ್ ಅದನ್ನು ಗುರುತಿಸುತ್ತದೆ, ಕಾರು ಅಂತರ ಬಿಟ್ಟು ನಿಧಾನವಾಗುತ್ತದೆ. ಆ ವಾಹನ ಪಕ್ಕಕ್ಕೆ ಸರಿದರೆ ಮತ್ತೆ ಮೊದಲಿನ ವೇಗಕ್ಕೆ ಏರುತ್ತದೆ. ಸ್ಟೀರಿಂಗಿನ ಹಿಂದಿನ ತೆರೆಯ ಮೇಲೆ ಪುಟ್ಟ ಕಾರಿನ ಚಿತ್ರ ಮೂಡುತ್ತದೆ, ಅದರ ಹಿಂದೆ ಅಡ್ಡಗೆರೆಗಳು. ನಾಲ್ಕು ಗೆರೆ ಎಂದರೆ ದೂರ ಇರು, ಒಂದೇ ಗೆರೆ ಎಂದರೆ ಹತ್ತಿರ ಹೋಗು.

ಕಾರು ಕೊಟ್ಟ ಅಂಗಡಿಯವನು ಒಂದೊಂದೇ ತೋರಿಸಿದ. "ಪಾದ ಮಾತ್ರ ಬ್ರೇಕ್ ಹತ್ರಾನೇ ಇರ್ಲಿ ಅಕ್ಕಾ. ಇದು ನಿಮ್ಗೆ ಸಹಾಯಕ್ಕೆ ಇರೋದು, ಡ್ರೈವರ್ ಅಲ್ಲ. ಘಟ್ಟದ ತಿರುವು, ಮಂಜು, ಜೋರು ಮಳೆ ಇದ್ರೆ ಆಫ್ ಮಾಡ್ಬಿಡಿ. ಓಡೋದು ಇದಕ್ಕೆ ಚೆನ್ನಾಗಿ ಕಾಣ್ಸುತ್ತೆ. ನಿಂತಿರೋದು ಒಮ್ಮೊಮ್ಮೆ ಕಾಣೋದೇ ಇಲ್ಲ."

"ನಮ್ಮಪ್ಪನ ಹಾಗೇನೇ," ಅಂದಳು ಫಾ. ಆ ಮನುಷ್ಯ ನಕ್ಕ. ಅವನಿಗೇನು ಗೊತ್ತು.

ದೇವಸ್ಥಾನದಲ್ಲಿ ಗುರುಗಳು ಕಾರಿನ ಚಾವಣಿಗೆ ಬಿಳಿ ಚುಕ್ಕೆಗಳನ್ನಿಟ್ಟು ಹರಸಿದರು. ಕಳೆದ ಸೋಮವಾರ ಮೊದಲ ಸಲ ಘಟ್ಟ ಹತ್ತಿದೆವು. ಮಂಜು ಇತ್ತು. ದಾರಿ ಕಾಯುವ ಅಜ್ಜಯ್ಯನ ಗುಡಿಯ ತಿರುವು ಬಂತು, ಅಪಘಾತವಾಗದಿರಲೆಂದು ಜನ ಒಪ್ಪಿಸಿದ ಹರಕೆಯ ಜೀಬ್ರಾ ಗೊಂಬೆಗಳು ಎಂದಿನಂತೆ ಸಾಲಾಗಿ ನಿಂತು ರಸ್ತೆ ನೋಡುತ್ತಿದ್ದವು. ಮುಂದೆ ಯಾರೂ ಇರಲಿಲ್ಲ. ಆದರೂ ಕಾರು ತಾನಾಗಿ ನಿಧಾನವಾಯಿತು. ತೆರೆಯ ಮೇಲೆ ಪುಟ್ಟ ಕಾರು ಬಂದು ಕೂತಿತ್ತು.

"ಯಾರಮ್ಮಾ ಮುಂದೆ?"

"ಯಾರೂ ಇಲ್ವಲ್ಲೇ."

"ನಮ್ಗೆ ಇಲ್ಲ. ಕಾರಿಗೆ ಯಾರೋ ಕಾಣ್ತಿದಾರೆ."

ತಿರುವು ಮುಗಿದೊಡನೆ ಚಿತ್ರ ಅಳಿಸಿಹೋಯಿತು. ನೀನು ವರ್ಷಗಟ್ಟಲೆ ಆ ದಾರಿಯಲ್ಲಿ ಟೆಂಪೋ ಓಡಿಸಿದವಳು. ಇದಕ್ಕೇನನ್ನುತ್ತೀ?

ನಿನ್ನ
ಚಮೈ


ಲೋಯ್, ಬೆಟ್ಟದ ಆಶ್ರಮ
27 ನವೆಂಬರ್ 2566

ಚಮೈ,

ನಿನ್ನ ಪತ್ರ ಅಕ್ಕಿ ಮೂಟೆಗಳ ಜೊತೆ ಬಂತು. ಇಲ್ಲಿ ಫೋನ್ ಇಲ್ಲ, ಸಿಗ್ನಲ್ಲೂ ಹತ್ತುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ದಿನಸಿ ಗಾಡಿಯೇ ನಮ್ಮ ಅಂಚೆ. ನನ್ನ ಉತ್ತರ ನಿನಗೆ ತಲುಪುವಾಗ ಕಾರು ಹಳೆಯದಾಗಿರುತ್ತದೆ.

ನನಗೆ ಕಾರಿನ ಕಣ್ಣು ಗೊತ್ತಿಲ್ಲ, ಆ ತಿರುವು ಗೊತ್ತು. ಒಂದು ಬದಿಗೆ ತಗಡಿನ ತಡೆಗೋಡೆ, ಇನ್ನೊಂದು ಬದಿಗೆ ಗುಡಿಯ ತಗಡಿನ ಮಾಡು. ನಿನ್ನ ಯಂತ್ರ ಅದನ್ನೇ ಕಾರು ಅಂದುಕೊಂಡಿರಬೇಕು. ಹೊಸ ಡ್ರೈವರುಗಳು ಹಾಗೇ, ನೆರಳಿಗೂ ಬ್ರೇಕ್ ಹೊಡೆಯುತ್ತಾರೆ.

ಅಲ್ಲಿ ಎಲ್ಲರೂ ಮೂರು ಹಾರ್ನ್ ಹೊಡೆದು ಕಾಲು ಸಡಿಲಿಸಿ ನಿಧಾನ ಮಾಡುತ್ತಾರೆ, ನೀನೂ ಮರೆಯಬೇಡ. ಅದು ಅಜ್ಜಯ್ಯನಿಗೆ ನಮಸ್ಕಾರವೂ ಹೌದು, ಆಚೆ ಬದಿಯವರಿಗೆ ಸುದ್ದಿಯೂ ಹೌದು. ಬುವಾ ಅತ್ತೆ ಅಲ್ಲಿ ಇನ್ನೂ ಬಿದಿರ ಕೊಳವೆಯಲ್ಲಿ ಬೇಯಿಸಿದ ಬಿದಿರನ್ನ ಮಾರುತ್ತಾಳಾ? ಅವಳಿಗೆ ಆಗಲೇ ಕಣ್ಣು ಮಂಜಾಗಿತ್ತು. ಗಾಡಿ ತಳ್ಳಿಕೊಂಡು ದಾಟುವ ಮೊದಲು ನಿಂತು ಕಿವಿಗೊಡುತ್ತಿದ್ದಳು. ನನ್ನ ಹಾರ್ನ್ ಕೇಳಿದರೆ, "ವಿಲಾಯ್ ಬಂದ್ಳು, ಅಂಟಕ್ಕಿ ಅನ್ನ ಬಚ್ಚಿಡ್ರಪ್ಪಾ," ಎಂದು ಕೂಗುತ್ತಿದ್ದಳು. ಸಾಲ ಹೇಳಿ ತಿನ್ನುತ್ತಿದ್ದೆನಲ್ಲ.

ಮಂತ್ರಿಸಿದ ಬಿಳಿ ಹತ್ತಿ ನೂಲು ಕಳಿಸಿದ್ದೇನೆ. ಸ್ಟೀರಿಂಗಿಗೆ ಸುತ್ತಿಕೋ. ಕೈ ಇಟ್ಟಾಗಲೆಲ್ಲ ನಾನಿದ್ದೇನೆ ಅಂದುಕೋ.

ಅಕ್ಕ


ವಿಯಾಂಗ್‌ಸಾ
10 ಡಿಸೆಂಬರ್ 2566

ಅಕ್ಕಾ,

ನೂಲು ಸಿಕ್ಕಿತು. ಸ್ಟೀರಿಂಗಿಗೆ ಸುತ್ತಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಕಾರಿನ ಮೂಗಿಗೆ ಕಟ್ಟಿದ್ದೇನೆ, ಕಸೇಮ್ ಕಟ್ಟುತ್ತಿದ್ದ ಹಾಗೆ. ಅವನ ಮನೆತನದವರು ಓಟದ ದೋಣಿಯವರು, ನಿನಗೆ ಗೊತ್ತಲ್ಲ. ಬೇರೆಯವರೆಲ್ಲ ಕನ್ನಡಿಗೆ ಹೂವು ತೂಗಿಹಾಕಿದರೆ ಅವನು ಬೈಯುತ್ತಿದ್ದ: "ವಾಹನ ಕಾಯೋ ತಾಯಿ ಇರೋದು ಮೂತಿ ಮೇಲೆ. ದೋಣೀಲಿ ಎಲ್ಲಿ ಕಟ್ತಾರೆ? ಮುಂದೆ ಕಟ್ತಾರೆ. ಒಳಗೆ ಕೂರ್ಸಿದ್ರೆ ಅವ್ಳು ದಾರಿ ನೋಡ್ತಾಳಾ, ನಿನ್ನ ಮುಖ ನೋಡ್ತಾಳಾ?" ಅವನ ಹಳೆಯ ಪಿಕಪ್ಪಿನ ಮೂತಿ ಯಾವಾಗಲೂ ಹೂವು, ಬಣ್ಣದ ಬಟ್ಟೆಗಳಿಂದ ಮದುಮಗಳ ಹಾಗಿರುತ್ತಿತ್ತು.

ಆ ತಿರುವಿನಲ್ಲಿ ಕಾರು ಈಗಲೂ ನಿಧಾನವಾಗುತ್ತದೆ. ನೀನು ಹೇಳಿದ ತಗಡಿನ ಮಾತನ್ನು ನಾನು ಪರೀಕ್ಷಿಸಿದೆ. ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳಿಗೆ ಇನ್ನೇನು ತೋಚುತ್ತದೆ? ಮಂಜಿದ್ದಾಗ, ಬಿಸಿಲಿದ್ದಾಗ, ಹೋಗುವಾಗ, ಬರುವಾಗ, ಎಲ್ಲ ಬರೆದಿಟ್ಟೆ. ಬಿಸಿಲಾದರೂ ಮಂಜಾದರೂ ಫ್ರೇಗೆ ಹೋಗುವಾಗ ಅವನು ಬರುತ್ತಾನೆ. ಊರಿಗೆ ಮರಳುವಾಗ ಬರುವುದಿಲ್ಲ. ತಗಡು ಎರಡು ಬದಿಗೂ ಇದೆ, ಅಕ್ಕಾ. ಕಸೇಮ್ ಆ ದಿನ ಫ್ರೇ ಕಡೆಗೆ ಹೊರಟಿದ್ದ.

ಕಾರು ತಿರುವಿಗೆ ವಾಲುವಾಗ, ಕಿಟಕಿ ಇಳಿಸಿದ್ದರೆ, ಮೂಗಿನ ಹತ್ತಿರ ಟಿಣ್ ಎಂದು ಸಣ್ಣ ಸದ್ದು ಕೇಳುತ್ತದೆ. ಆಮೇಲೆ ತೆರೆಯ ಮೇಲೆ ಪುಟ್ಟ ಕಾರು. ಕಸೇಮ್ ನಿಧಾನ ಮಾಡುತ್ತಿದ್ದ ಜಾಗವೂ ಅದೇ. ಅಲ್ಲೇ ಹಾರ್ನ್ ಹೊಡೆಯುತ್ತಿದ್ದ, ಎರಡು ಚಿಕ್ಕದು, ಕೊನೆಯದನ್ನು ಎಳೆದು. ಫಾ ಚಿಕ್ಕವಳಿದ್ದಾಗ ಅದನ್ನು ಅಣಕಿಸುತ್ತಿದ್ದಳು.

ಈಗ ಅವಳು ಅಣಕಿಸುವುದು ನನ್ನನ್ನು. "ಅಮ್ಮಾ, ಅಪ್ಪ ಬದುಕಿದ್ದಾಗ ನೀನು ಅವ್ರ ಮಾತು ಒಂದಾದ್ರೂ ಕೇಳಿದ್ಯಾ? ಈಗ ನೋಡಿದ್ರೆ ಹಿಂದೆ ಹಿಂದೇನೇ ಹೋಗ್ತಿದೀಯ." ಹೇಳಿ ಕಿಟಕಿಯ ಕಡೆ ತಿರುಗಿಕೊಂಡಳು. ನಗುತ್ತಿದ್ದಳೋ ಇಲ್ಲವೋ ಕಾಣಲಿಲ್ಲ.

ಚಮೈ


ಲೋಯ್
25 ಡಿಸೆಂಬರ್ 2566

ಚಮೈ,

ಮೂಗಿಗೆ ಕಟ್ಟಿದ್ದು ಒಳ್ಳೆಯದೇ ಆಯಿತು. ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಮ್ಮ ಹಿರಿಯ ಸನ್ಯಾಸಿನಿ ನೋಡಿ, "ತಂಗಿ ಪತ್ರವೋ, ಧರ್ಮಸೂತ್ರವೋ?" ಅಂದರು. ಇಲ್ಲಿ ಚಳಿ ಬಹಳ. ಬೆಳಗಿನ ಧ್ಯಾನದಲ್ಲಿ ಅರ್ಧ ಜನ ಧ್ಯಾನ ಮಾಡುತ್ತಾರೆ, ಇನ್ನರ್ಧ ನಡುಗುತ್ತಾರೆ. ನಾನು ಎರಡನೆಯ ಗುಂಪು.

ನೀನು ಬರೆದದ್ದನ್ನು ನಾನು ಹೀಗೆ ಓದಿಕೊಂಡೆ: ನಿನಗೆ ದುಃಖ ಇಳಿಯುತ್ತಿದೆ. ಸತ್ತವರು ಎಲ್ಲೋ ಮೇಲೆ ಇದ್ದಾರೆ ಎನ್ನುವುದಕ್ಕಿಂತ ದಾರಿಯಲ್ಲಿ ನಮಗಿಂತ ಸ್ವಲ್ಪ ಮುಂದಿದ್ದಾರೆ ಎಂದುಕೊಳ್ಳುವುದು ಸುಳ್ಳಲ್ಲ. ಅವನು ಮುಂದೆ ಹೋಗಲಿ, ನೀನು ಹಿಂದೆ ಹೋಗು. ಹೆದರಬೇಡ. ಅವನ ಹೆಸರಿನಲ್ಲಿ ದಾನ ಮಾಡು.

ಫಾಳಿಗೆ ಹೇಳು, ದೊಡ್ಡಮ್ಮ ಅವಳ ನಾಲಿಗೆಗೂ ಒಂದು ನೂಲು ಮಂತ್ರಿಸಿ ಕಳಿಸುತ್ತಾಳೆ.

ಅಕ್ಕ


ವಿಯಾಂಗ್‌ಸಾ
7 ಜನವರಿ 2567

ಅಕ್ಕಾ,

ನಿನ್ನ ಪತ್ರ ಬಂದ ಮೇಲೆ ಎಷ್ಟೋ ಹಗುರ. ಹಿಂದೆ ಹೋಗು, ಹೆದರಬೇಡ ಎಂದು ನೀನೇ ಬರೆದೆ. ಬೇರೆ ಯಾರು ಬರೆದಿದ್ದರೂ ನಾನು ನಂಬುತ್ತಿರಲಿಲ್ಲ.

ನಾಲ್ಕು ಗೆರೆಗಳ ದೂರದಲ್ಲಿ ಅವನು ತೆರೆಯ ಮೇಲೆ ಬಂದು ಹೋಗುವುದು ಕ್ಷಣಮಾತ್ರ. ಒಂದು ಗೆರೆ ಇಳಿಸಿದೆ. ಸ್ವಲ್ಪ ಹೆಚ್ಚು ಹೊತ್ತು ಇದ್ದ. ಆಮೇಲೆ ಇನ್ನೊಂದು, ಕಳೆದ ವಾರ ಮತ್ತೊಂದು. ಈಗ ಒಂದೇ ಗೆರೆ ಉಳಿದಿದೆ. ನನಗೂ ಅವನಿಗೂ ನಡುವೆ ಒಂದು ಬೆರಳಿನಷ್ಟು ಬಿಳಿ ಗೆರೆ. ಆ ತಿರುವಿನಲ್ಲಿ ಪಾದಗಳನ್ನು ಸೀಟಿನ ಕೆಳಗೆ ಎಳೆದುಕೊಳ್ಳುತ್ತೇನೆ. ಬ್ರೇಕಿಗೆ ನನ್ನ ಕಾಲು ತಾಗಿದರೆ ಕ್ರೂಸ್ ಕಳಚಿಹೋಗುತ್ತದೆ, ಅವನೂ ಹೋಗುತ್ತಾನೆ. ಎಲ್ಲಿ ನಿಧಾನ ಮಾಡಬೇಕೋ ಅಲ್ಲಿ ಅವನೇ ಮಾಡುತ್ತಾನೆ. ಬದುಕಿದ್ದಾಗ ಪಕ್ಕದಲ್ಲಿ ಕೂತು ನಾನು ಅವನ ಡ್ರೈವಿಂಗಿಗೆ ಎಷ್ಟು ತಪ್ಪು ಹುಡುಕುತ್ತಿದ್ದೆ.

ಹಾರ್ನ್ ಬಿಟ್ಟಿದ್ದೇನೆ. ಮುಂದೆ ಹೋಗುವವನಿಗೆ ಹಿಂದಿನಿಂದ ಹಾರ್ನ್ ಹೊಡೆಯುವುದು ನಮ್ಮಲ್ಲಿ ಬೈದ ಹಾಗೇ ತಾನೇ? ಗಂಡನಿಗೆ ಹೇಗೆ ಹೊಡೆಯಲಿ.

"ಅಮ್ಮಾ, ಹಾರ್ನ್ ಹೊಡಿ," ಎನ್ನುತ್ತಾಳೆ ಫಾ.

"ಅಜ್ಜಯ್ಯನಿಗೆ ಮನಸ್ಸಲ್ಲೇ ಕೈ ಮುಗಿದೆ ಕಣೇ."

"ಅಜ್ಜಯ್ಯನಿಗೆ ಮನಸ್ಸು ಕೇಳ್ಸುತ್ತೆ. ಎದುರಿಂದ ಬರೋ ಲಾರಿಗೆ ಕೇಳ್ಸುತ್ತಾ?"

ಆಮೇಲೆ ಮೆಲ್ಲಗೆ ಕೇಳಿದಳು, "ಅಮ್ಮಾ, ನಿನ್ನ ಕಾಲು ಎಲ್ಲಿ?"

ಇದೆ ಅಂದೆ. ಮಗಳಿಗೆ ಅರ್ಥವಾಗದ ಕೆಲವು ಮಾತು ಇರುತ್ತವೆ. ನಿನಗೆ ಅರ್ಥವಾಗುತ್ತದೆ, ಅದಕ್ಕೇ ಬರೆದೆ.

ಚಮೈ


ಫ್ರೇ, ಆಸ್ಪತ್ರೆಯ ಹೊರಗೆ
16 ಜನವರಿ 2567

ಅಕ್ಕಾ,

ನಿನ್ನೆ ಬೆಳಿಗ್ಗೆ ಬುವಾ ಅತ್ತೆಯ ಗಾಡಿಗೆ ನನ್ನ ಕಾರು ಗುದ್ದಿತು. ಬದುಕಿದ್ದಾಳೆ. ಮಣಿಕಟ್ಟು ಮುರಿದಿದೆ. ಮೊದಲು ಇದನ್ನು ಬರೆದುಬಿಟ್ಟೆ, ಉಳಿದದ್ದು ಬರೆಯಲು ಧೈರ್ಯ ಬೇಕು.

ದಟ್ಟ ಮಂಜು. ಜೀಬ್ರಾಗಳ ಕಾಲು ಮಾತ್ರ ಕಾಣುತ್ತಿತ್ತು, ಮೈ ಇರಲಿಲ್ಲ. ಟಿಣ್ ಎಂದಿತು, ಅವನು ಬಂದ. ಕಾರು ನಿಧಾನವಾಯಿತು, ಎಂದಿಗಿಂತ ಹೆಚ್ಚು ನಿಧಾನ, ನಡೆದುಕೊಂಡು ಹೋದ ಹಾಗೆ. ನಾನು ಗಾಜಿಗೆ ಮುಖ ಹತ್ತಿರ ತಂದು ನೋಡಿದೆ. ಇವತ್ತು ಕಾಣುತ್ತಾನೆ ಅನ್ನಿಸಿತ್ತು. ಮಂಜಿನಲ್ಲಿ ಕೆಂಪಗೆ ಏನೋ ಇತ್ತು, ಹಿಂದಿನ ದೀಪದ ಹಾಗೆ. ಇತ್ತೇ? ಈಗ ಕೇಳಿಕೊಂಡರೆ ಹೇಳಲಾರೆ.

ಆಮೇಲೆ ತೆರೆ ಖಾಲಿಯಾಯಿತು. ಅಕ್ಕಾ, ಕಾರು ಮುನ್ನುಗ್ಗಿತು. ನಾನು ಎಂಬತ್ತಕ್ಕೆ ಇಟ್ಟಿದ್ದೆ. ಮುಂದಿನ ವಾಹನ ಸರಿದರೆ ಹೇಳಿದ ವೇಗಕ್ಕೆ ಏರುವುದು ಅದರ ಧರ್ಮ, ನಾನೇ ನಿನಗೆ ಬರೆದಿದ್ದೆ. ಆದರೆ ಆ ಕ್ಷಣ ನನಗೆ ಹೊಳೆದದ್ದು ಅದಲ್ಲ. ಅವನು ಓಡುತ್ತಿದ್ದಾನೆ, ನನ್ನನ್ನು ಬಾ ಅನ್ನುತ್ತಿದ್ದಾನೆ ಎಂದೇ ಹೊಳೆಯಿತು. ನಾನು ಪಾದ ಕೆಳಗಿಡಲಿಲ್ಲ. ಪಕ್ಕದಲ್ಲಿ ಮಗಳಿದ್ದಳು, ನಾನು ಪಾದ ಕೆಳಗಿಡಲಿಲ್ಲ.

ಫಾ ನನ್ನ ಮೈಮೇಲೆ ಬಿದ್ದು ಎರಡೂ ಕೈಯಿಂದ ಹಾರ್ನ್ ಒತ್ತಿದಳು. ಅವಳ ಮೊಣಕೈ ನನ್ನ ದವಡೆಗೆ ಬಡಿಯಿತು. ಆಗ ಬ್ರೇಕ್ ತುಳಿದೆ. ಬುವಾ ಅತ್ತೆ ಹಾರ್ನ್ ಕೇಳಿ ಹಿಂದಕ್ಕೆ ಬಿದ್ದಳು, ಗಾಡಿ ಮಾತ್ರ ಉಳಿಯಲಿಲ್ಲ. ಬಿಸಿ ಬಿದಿರನ್ನದ ಕೊಳವೆಗಳು ಬಾನೆಟ್ಟಿನ ಮೇಲೆ ಉರುಳಿ ಹೊಗೆಯಾಡುತ್ತಿದ್ದವು.

ಆಸ್ಪತ್ರೆಯಲ್ಲಿ ಅವಳು ಬೈಯಲೂ ಇಲ್ಲ. "ಮೊದ್ಲು ಹಾರ್ನ್ ಕೇಳ್ಲಿಲ್ಲ ಕಣಮ್ಮಾ. ಹಾರ್ನ್ ಇಲ್ಲ ಅಂದ್ರೆ ಗಾಡಿ ಇಲ್ಲ ಅಂತ ದಾಟ್ದೆ. ಆ ತಿರುವಲ್ಲಿ ದೆವ್ವಾನೂ ಹಾರ್ನ್ ಹೊಡ್ಕೊಂಡೇ ಹೋಗೋದು, ನೀನ್ಯಾಕೆ ಹೊಡೀಲಿಲ್ಲ?"

ಫಾ ಇನ್ನು ಬಸ್ಸಿನಲ್ಲಿ ಓಡಾಡುತ್ತಾಳಂತೆ. "ನೀನು ಅಪ್ಪನ ಹಿಂದೆ ಹೋಗ್ಬೇಕಾದ್ರೆ ಹೋಗಮ್ಮಾ. ನನ್ನ ಕರ್ಕೊಂಡು ಹೋಗ್ಬೇಡ." ಅಳದೇ ಹೇಳಿದಳು.

ಅವನು ಯಾಕೆ ಹಾಗೆ ಓಡಿದ, ಅಕ್ಕಾ?

ಚಮೈ


ಲೋಯ್
17 ಜನವರಿ 2567

ಚಮೈ,

ಕಟ್ಟಿಗೆ ತರಲು ಕೆಳಗೆ ಹೊರಟವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಬೇಗ ತಲುಪಲಿ.

ನಿನ್ನ ಏಳನೇ ತಾರೀಖಿನ ಪತ್ರ ಈಗ ಓದಿದೆ. ನಾನು ಬರೆದದ್ದು ಮನಸ್ಸಿನ ದಾರಿ. ನೀನು ಅದನ್ನು ಡಾಂಬರಿನ ದಾರಿ ಮಾಡಿಕೊಂಡೆ. ತಪ್ಪು ನನ್ನದೂ ಹೌದು, ಆ ಮಾತು ಆಮೇಲೆ. ಈಗ ಕಾಲು ಬ್ರೇಕಿನ ಮೇಲಿರಲಿ, ನಾಲ್ಕು ಗೆರೆ ಇರಲಿ, ಘಟ್ಟದಲ್ಲಿ ಆ ಯಂತ್ರ ಬೇಡವೇ ಬೇಡ. ಹಾರ್ನ್ ಹೊಡಿ.

ಇನ್ನೊಂದು. ನಿನ್ನ ಡಿಸೆಂಬರ್ ಪತ್ರ ತೆಗೆದು ಮತ್ತೆ ಓದಿದೆ. ಕಾರಿನ ಮೂಗಿನ ಹತ್ತಿರ ಟಿಣ್ ಅನ್ನುತ್ತದೆ ಎಂದು ಬರೆದಿದ್ದೀ. ನಾನು ಕಳಿಸಿದ್ದು ಹತ್ತಿ ನೂಲು. ಇಲ್ಲಿಯ ಮುದುಕಿಯರು ಕೈಯಲ್ಲಿ ನೂತದ್ದು. ಅದರಲ್ಲಿ ಮಣಿಯಿಲ್ಲ, ಗೆಜ್ಜೆಯಿಲ್ಲ. ನೂಲು ಸದ್ದು ಮಾಡುವುದಿಲ್ಲ.

ಅಲ್ಲದೆ ನೂಲು ನಿನಗೆ ತಲುಪುವ ಮೊದಲೇ, ಮೊದಲ ಸೋಮವಾರವೇ, ಕಾರು ನಿಧಾನವಾಗಿತ್ತು.

ಆ ರಾಡಾರಿನ ಮುಂದೆ ಏನು ಕಟ್ಟಿದ್ದೀ, ಚಮೈ?

ಅಕ್ಕ


ವಿಯಾಂಗ್‌ಸಾ
30 ಜನವರಿ 2567

ಅಕ್ಕಾ,

ಅವನ ತಾಯಿತ.

ಪಿಕಪ್ಪನ್ನು ಪೊಲೀಸ್ ಠಾಣೆಯ ಹಿಂದೆ ತಂದು ನಿಲ್ಲಿಸಿದ್ದರಲ್ಲ. ಸಹಿ ಹಾಕಲು ಹೋದಾಗ ನೋಡಿದೆ. ಮುಂಭಾಗವೆಲ್ಲ ಒಳಗೆ ಹೋಗಿತ್ತು, ಹೂವಿಲ್ಲ, ಬಟ್ಟೆಯಿಲ್ಲ. ತಾಮ್ರದ ತಗಡನ್ನು ಸುರುಳಿ ಸುತ್ತಿದ ಆ ತಾಯಿತ ಮಾತ್ರ ಅದರ ದಾರದಲ್ಲಿ ತೂಗುತ್ತಿತ್ತು, ಚಪ್ಪಟೆ ಕೂಡ ಆಗದೆ. ಸತ್ತವನ ಗಾಡಿಯಿಂದ ಒಂದು ಮೊಳೆಯನ್ನೂ ಇನ್ನೊಂದು ಗಾಡಿಗೆ ತರಬಾರದು ಎಂಬುದು ಮಕ್ಕಳಿಗೂ ಗೊತ್ತು. ನಾನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಕಾರು ಬಂದ ದಿನವೇ ಅದರ ಮೂಗಿಗೆ, ಲಾಂಛನದ ಮೇಲೆ ಇಳಿಬೀಳುವ ಹಾಗೆ ಕಟ್ಟಿದೆ. ನಿನ್ನ ನೂಲನ್ನು ಅದರ ಪಕ್ಕದಲ್ಲಿ ಕಟ್ಟಿದ್ದು, ಯಾರಾದರೂ ಕೇಳಿದರೆ ನೂಲು ತೋರಿಸೋಣ ಎಂದು.

ನಿನ್ನ ಪತ್ರ ಬಂದ ದಿನ ಕಾರನ್ನು ಸರ್ವಿಸ್‌ಗೆ ಒಯ್ದೆ. ಅಲ್ಲಿಯ ಹೆಂಗಸು ನೋಡಿದ ಕೂಡಲೇ, "ಅಯ್ಯೋ ಅಕ್ಕಾ, ಕಣ್ಣಿಗೇ ಬಳೆ ತೊಡ್ಸಿದೀರಲ್ಲ," ಅಂದಳು. ಆ ತಿರುವಿಗೆ ಕಾರು ವಾಲಿದಾಗ ತಾಮ್ರ ರಾಡಾರಿನ ನೇರಕ್ಕೆ ಬರುತ್ತಿತ್ತಂತೆ. ಮರಳುವಾಗ ಕಾರು ಇನ್ನೊಂದು ಬದಿಗೆ ವಾಲುತ್ತದೆ, ತಾಯಿತ ದೂರ ಸರಿಯುತ್ತದೆ. ಅದಕ್ಕೇ ಅವನು ಮರಳುವಾಗ ಬರುತ್ತಿರಲಿಲ್ಲ. ನನ್ನ ಪರೀಕ್ಷೆಗಳೆಲ್ಲ ಸರಿಯಿದ್ದವು, ಪರೀಕ್ಷೆ ಮಾಡಿದವಳು ಸರಿಯಿರಲಿಲ್ಲ.

ಕೈಪಿಡಿಯಲ್ಲಿ ಆ ಮಾತು ಇದೆ. ಲಾಂಛನದ ಮೇಲೆ ಏನನ್ನೂ ಅಂಟಿಸಬೇಡಿ, ಕಟ್ಟಬೇಡಿ. ನಾನು ಅದನ್ನು ಮೊದಲ ದಿನ ಓದಿದ್ದೆ. ಓದಿ, ಎದ್ದು ಹೋಗಿ, ಕಟ್ಟಿದೆ. ಎರಡರ ನಡುವೆ ನನ್ನ ತಲೆಯಲ್ಲಿ ಏನಿತ್ತು ಎಂದು ಈಗ ಎಷ್ಟು ಕೇಳಿಕೊಂಡರೂ ಸಿಗುವುದಿಲ್ಲ.

ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ಯಂತ್ರ ಸುಳ್ಳು ಹೇಳಲಿಲ್ಲ, ಅಕ್ಕಾ. ಮುಂದೆ ಏನೋ ಇದೆ ಅಂದಿತು. ಇತ್ತು. ಅವನದೇ ಇತ್ತು.

ತಾಯಿತ ಈಗ ಮೇಜಿನ ಮೇಲಿದೆ. ಇದನ್ನೇನು ಮಾಡಲಿ? ಫಾ ಇನ್ನೂ ಬಸ್ಸಿನಲ್ಲೇ.

ಚಮೈ


ಲೋಯ್
11 ಫೆಬ್ರವರಿ 2567

ಚಮೈ,

ಬೈಯಬೇಕೆಂದು ಕಾಗದ ತೆಗೆದೆ. ಬೈಗುಳ ಬರಲಿಲ್ಲ. ನಾನೇ ಆಗಿದ್ದರೆ ಬಿಚ್ಚಿ ತರುತ್ತಿರಲಿಲ್ಲವೇ ಎಂದು ಯೋಚಿಸಿದೆ. ತಲೆ ಬೋಳಿಸಿಕೊಂಡು ಇಷ್ಟು ವರ್ಷವಾಯಿತು, ಖಚಿತವಾಗಿ ಹೇಳಲಾರೆ.

ನದಿಗೆ ಎಸೆಯಬೇಡ, ಹೂಳಬೇಡ. ದೋಣಿಯವರ ವಸ್ತು ದೋಣಿಗೆ ಹೋಗಲಿ. ಅವರ ಮನೆತನದ ಓಟದ ದೋಣಿ ದೇವಸ್ಥಾನದ ಚಪ್ಪರದಲ್ಲಿ ಇರಬೇಕಲ್ಲ, ಅದರ ಮೂತಿಗೆ ಕಟ್ಟು. ಒಬ್ಬಳೇ ಹೋಗಬೇಡ, ಫಾ ಕಟ್ಟಲಿ. ನೀನು ಕಟ್ಟಿದರೆ ಮತ್ತೆ ಬಿಚ್ಚುತ್ತೀ.

ಬುವಾ ಅತ್ತೆಗೆ ಹೊಸ ಗಾಡಿ ಮಾಡಿಸಿಕೊಟ್ಟೆಯಾ?

ಅಕ್ಕ


ವಿಯಾಂಗ್‌ಸಾ
27 ಫೆಬ್ರವರಿ 2567

ಅಕ್ಕಾ,

ಗಾಡಿ ಮಾಡಿಸಿದೆ. ಬುವಾ ಅತ್ತೆ ಅದಕ್ಕೆ ಸೈಕಲ್ ಬೆಲ್ ಹಾಕಿಸಿಕೊಂಡಿದ್ದಾಳೆ. "ಇನ್ಮೇಲೆ ನಾನೂ ಹೊಡೀತೀನಿ, ನೀವು ಕೇಳಿಸ್ಕೊಳ್ಳಿ," ಎನ್ನುತ್ತಾಳೆ.

ತಾಯಿತವನ್ನು ಫಾ ಕಟ್ಟಿದಳು. ದೋಣಿ ಧೂಳು ಹಿಡಿದಿತ್ತು, ಮೂತಿಯ ನಾಗನ ಒಂದು ಹಲ್ಲು ಮುರಿದಿತ್ತು. ಕಟ್ಟಿ, ಬೆರಳಿನಿಂದ ಒಮ್ಮೆ ತಟ್ಟಿ ನೋಡಿದಳು. ಟಿಣ್ ಎಂದಿತು. ಹೊರಗೆ ಬಂದ ಮೇಲೆ ಕೇಳಿದಳು, "ಸೋಮವಾರ ಕಾರಲ್ಲಿ ಬರ್ಲಾ?" ಷರತ್ತುಗಳೂ ಇದ್ದವು. ಘಟ್ಟದಲ್ಲಿ ಕ್ರೂಸ್ ಬೇಡ. ನೇರ ರಸ್ತೆಯಲ್ಲಿ ನಾಲ್ಕು ಗೆರೆ. ಪಾದ ಅವಳಿಗೆ ಕಾಣುತ್ತಿರಬೇಕು. ಹಾರ್ನ್ ಅವಳದು.

ನಿನ್ನೆ ಹೊರಟೆವು. ಗದ್ದೆ, ಕಾಡು ಸುಡುವ ಕಾಲ ಬಂದಿದೆ. ಮಂಜಿನ ಬದಲು ಹೊಗೆ. ಘಟ್ಟದ ಕೆಳಗೆ ಕ್ರೂಸ್ ಆಫ್ ಮಾಡಿ ಪಾದ ಇಟ್ಟೆ. ಎಷ್ಟೋ ವಾರಗಳ ಮೇಲೆ ಕಾರಿನ ಭಾರ ನನ್ನ ಕಾಲಿಗೆ ತಿಳಿಯಿತು. ತಿರುವು ಬಂದಾಗ ತೆರೆಯ ಮೇಲೆ ಯಾರೂ ಇರಲಿಲ್ಲ. ಕಾರು ತಾನಾಗಿ ನಿಧಾನವಾಗಲಿಲ್ಲ, ನಾನೇ ನಿಧಾನ ಮಾಡಿದೆ. ಫಾ ಪಕ್ಕದಿಂದ ಕೈ ಚಾಚಿ ಮೂರು ಹಾರ್ನ್ ಹೊಡೆದಳು. ಮೂರೂ ಒಂದೇ ಅಳತೆ, ಶಾಲೆಯ ಗಂಟೆಯ ಹಾಗೆ.

ಆಚೆ ಬದಿಯಿಂದ ಉತ್ತರ ಬಂತು. ಎರಡು ಚಿಕ್ಕದು. ಕೊನೆಯದು ಉದ್ದ.

ಫಾ ಚಿಕ್ಕವಳಿದ್ದಾಗ ಅಣಕಿಸುತ್ತಿದ್ದಳಲ್ಲ, ಅದೇ. "ಯಾರೋ ಬರ್ತಿದಾರೆ. ಪಕ್ಕಕ್ಕೆ ತಗೊಳಮ್ಮಾ," ಅಂದಳು. ಜೀಬ್ರಾಗಳ ಪಕ್ಕಕ್ಕೆ ಕಾರು ಸರಿಸಿ, ಬ್ರೇಕ್ ತುಳಿದು ನಿಂತೆ. ಹೊಗೆಯಲ್ಲಿ ಆಚೆ ಬುವಾ ಅತ್ತೆಯ ಆಕಾರ ಕಾಣುತ್ತಿತ್ತು. ಅವಳೂ ಗಾಡಿ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಿದ್ದಳು, ದಾಟದೆ, ತಲೆ ಒಂದು ಕಡೆ ವಾಲಿಸಿಕೊಂಡು.

ಏನೂ ಬರಲಿಲ್ಲ. ಹೊಗೆ ಸ್ವಲ್ಪ ಅಲುಗಿತು, ಗಾಳಿಗೆ ಇರಬಹುದು. ಆಮೇಲೆ ಬುವಾ ಅತ್ತೆ, ಯಾರೋ ಹಾದುಹೋದ ಮೇಲೆ ತಿರುಗಿ ನೋಡುತ್ತೇವಲ್ಲ, ಹಾಗೆ ನಮ್ಮೂರಿನ ಕಡೆಗೆ ಮುಖ ತಿರುಗಿಸಿ ನೋಡಿದಳು. ಬೆಲ್ ಹೊಡೆದು ದಾಟಿದಳು.

ಸತ್ಯ ಹೇಳಬೇಕೆಂದರೆ ಹೆದರಿಕೆಯಾಗಲಿಲ್ಲ. ಬ್ರೇಕಿನಿಂದ ಕಾಲು ಮಾತ್ರ ಎತ್ತಲಿಲ್ಲ.

ನೀನು ಆ ದಾರಿಯವಳು, ಕೇಳುತ್ತಿದ್ದೇನೆ. ಆ ತಿರುವಿನಲ್ಲಿ ಪ್ರತಿಧ್ವನಿ ಇದೆಯೇ? ಇದ್ದರೆ, ಬೆಟ್ಟ ಕೊನೆಯ ಹಾರ್ನನ್ನು ಎಳೆದು ಹೇಳುತ್ತದೆಯೇ?

ಚಮೈ


ಲೋಯ್
11 ಮಾರ್ಚ್ 2567

ಚಮೈ,

ಅಲ್ಲಿ ಪ್ರತಿಧ್ವನಿ ಇಲ್ಲ. ಯಾವತ್ತೂ ಇರಲಿಲ್ಲ.

ನೀವು ಪಕ್ಕಕ್ಕೆ ಸರಿದು ದಾರಿ ಬಿಟ್ಟಿರಿ. ಅವನು ಮನೆ ಕಡೆಗೆ ದಾಟಿಕೊಂಡ. ಇನ್ನು ಆ ತಿರುವಿನಲ್ಲಿ ಅವನನ್ನು ಕಾಯಬೇಡ. ಹಾರ್ನ್ ಹೊಡೆದು, ಕಾಲು ಸಡಿಲಿಸಿ, ಮಗಳನ್ನು ಶಾಲೆಗೆ ಬಿಡು.

ಅಕ್ಕ